ವಿ-ಕ್ರಾಸ್ ಪಿಕಪ್ಪಿಗೆ ಟ್ರೇಲರ್‌ದ ಎಲೆಕ್ಟ್ರಿಕ್ ಬ್ರೇಕ್ ಕಂಟ್ರೋಲರ್ ಕೂಡ್ಸಬೇಕಾಗೇತಿ, ಯಾರರ ಮಾಡಿಸೀರೇನ್ರಿ?

ಬೆಟಗೇರಿ_ಗಾಣ:

ಎಲ್ಲಾ ಅಣ್ಣಾರಿಗೂ ಕಾಕಾಗೋಳಿಗೂ ನಮಸ್ಕಾರ್ರಿ.

ನಮ್ಮದು ಗದಗ-ಬೆಟಗೇರಿ, ಕುಸುಬಿ ಮತ್ತ ಶೇಂಗಾ ಎಣ್ಣಿ ಗಾಣ ಐತಿ. ಈಗೀಗ ರೈತರು ಕಾಳು ಹೊತ್ಗೊಂಡು ಪ್ಯಾಟಿಗೆ ಬರೂದು ಕಡಿಮಿ ಆಗೈತಿ, ಅದಕ್ಕ ನಾವ ಊರೂರಿಗೆ ಹೋಗಿ ಅವ್ರ ಮನಿ ಮುಂದನ ಎಣ್ಣಿ ತಗದು ಹಿಂಡಿ ಸಮೇತ ಕೊಟ್ಟು ಬರೂಣು ಅಂತ ಗಾಣ, ಮೋಟರ್, ಜನರೇಟರ್, ಫಿಲ್ಟರ್ ಎಲ್ಲಾ ಒಂದ ಟ್ರೇಲರ್ ಮ್ಯಾಲ ಕೂಡ್ಸಾಕತ್ತೀವಿ. ಎಲ್ಲಾ ಸೇರಿ 1500-1600 ಕೆಜಿ ಹತ್ರ ಹೋಕ್ಕೈತಿ. ಎಳಿಯಾಕ ಇಸುಜು ವಿ-ಕ್ರಾಸ್, ಬಿಎಸ್4, 2.5 ಡೀಸೆಲ್, ವಾರಂಟಿ ಯಾವಾಗೋ ಮುಗದೈತಿ ಅದರ ಚಿಂತಿ ಇಲ್ಲ. ಆಕ್ಸಲ್ ಒಂದ, ನಮ್ಮ ದೋಸ್ತ ಪುಣೆದಾಗ ಕ್ಯಾರವಾನ್ ಕಟ್ಟೋರ ಕಡೆಯಿಂದ ಕೊಡ್ಸ್ಯಾನ, ಹೊರಗಿನ ಮಾಲು, 10 ಇಂಚಿನ ಡ್ರಮ್ಮು, ಒಳಗ ಎಲೆಕ್ಟ್ರಿಕ್ ಬ್ರೇಕ್. ಅದರ ಜೋಡಿ ಕಂಟ್ರೋಲರ್ ಡಬ್ಬಿನೂ ಬಂದೈತಿ, ಅದ್ರಾಗಿಂದ ನಾಲ್ಕ ವೈರ್ ಹೊರಗ ಬಂದಾವ. ಕರೆ, ಬಿಳಿ, ಕೆಂಪ, ನೀಲಿ.

ಇಲ್ಲೆ ಒಬ್ಬ ವೈರಿಂಗ್ ಮೇಸ್ತ್ರಿಗೆ ತೋರ್ಸಿದ್ರ ಅವ ಹೇಳಿದ್ದು, ಪ್ಲಸ್ ಸಿಗರೇಟ್ ಲೈಟರ್ ಪಾಯಿಂಟ್‌ಲಿಂದ ತಗೊಳ್ಳೂಣು, ಅರ್ಥ್ ಬಾಡಿಗೆ ಎಲ್ಲೆರ ಒಂದು ಸ್ಕ್ರೂ ಹೊಡದು ಬಿಡೂಣು, ಅರ್ಧಾ ತಾಸಿನ ಕೆಲ್ಸ ಅಂತ. ನಂಗ ಯಾಕೋ ಧೈರ್ಯ ಆಗವಲ್ದು. ಮತ್ತ ಹಿಂದ ಟ್ರೇಲರ್ ಸಿಗಸೂ ಟೋಬಾರ್ ಹಾಕಿದಾವ್ರು 7 ಪಿನ್ನಿನ ದುಂಡಂದು ಸಾಕೆಟ್ ಕೊಟ್ಟಾರ, ಲೈಟಿಗಷ್ಟ. ಅದರಾಗೂ ಒಂದು ನೀಲಿ ವೈರ್ ಸುಮ್ನ ಐತಿ, ಕಂಟ್ರೋಲರ್‌ದ ನೀಲಿ ಅದಕ್ಕ ಜೋಡ್ಸಿದ್ರ ಆತಲ್ಲ? ವೈರ್ ಎಷ್ಟ ದಪ್ಪಂದು ಬೇಕು, ಡಬ್ಬಿ ಎಲ್ಲಿ ಕೂಡ್ಸಬೇಕು? ಸದ್ಯಕ್ಕ ಮುಳಗುಂದ, ಲಕ್ಷ್ಮೇಶ್ವರ, ಮುಂಡರಗಿ, ಅಣ್ಣಿಗೇರಿ ಕಡೆ ಓಡಾಟ. ಮಳಿಗಾಲ ಮುಗದ ಮ್ಯಾಲ ಅಂಕೋಲಾ ಕಡೆ ಕೊಬ್ರಿ ಎಣ್ಣಿ ತಗ್ಯಾಕ ಹೋಗೂ ವಿಚಾರ ಐತಿ, ಅಂದ್ರ ಅರಬೈಲ್ ಘಾಟ್ ಇಳೀಬೇಕು. ಅದಕ್ಕ ಕೇಳಾಕತ್ತೀನಿ.


ಗಬ್ಬೂರ_ಆಟೋವೈರಿಂಗ್:

ತಮ್ಮಾ, ಲೈಟರ್ ಪಾಯಿಂಟ್‌ಲೆ ಪ್ಲಸ್ ತಗೊಳ್ಳೂಣು ಅಂದಾಂವ್ಗ ದೊಡ್ಡ ನಮಸ್ಕಾರ ಹೇಳಿ ಗಾಡಿ ಹೊರಗ ತಗೊಂಡ ಬಾ. ಅಲ್ಲಿ ಇರೂ ವೈರು ಮೊಬೈಲ್ ಚಾರ್ಜ್ ಮಾಡಾಕ, ಒಂದೂವರಿ ಟನ್ ನಿಲ್ಸಾಕ ಅಲ್ಲ.

ಇದು ಏನ್ ಮಾಡ್ತೈತಿ ಅಂತ ಮೊದ್ಲ ತಿಳ್ಕೊ, ಆಮ್ಯಾಲ ಯಾರ ಏನ್ ಹೇಳಿದ್ರೂ ನೀನ ತಾಳಿ ಹಾಕಿ ನೋಡಬಹುದು. ಡ್ರಮ್ಮಿನ ಒಳಗ ಒಂದು ಮ್ಯಾಗ್ನೆಟ್ ಇರ್ತೈತಿ, ಅದಕ್ಕ ಕರೆಂಟ್ ಬಂದ್ರ ತಿರಗೂ ಡ್ರಮ್ಮಿಗೆ ಅಂಟ್ಕೊಂಡು ಅದರ ಜೋಡಿ ಎಳಕೊಂಡು ಹೋಗಾಕ ನೋಡ್ತೈತಿ, ಅದಕ್ಕ ಸಿಗಿಸಿದ ಲಿವರ್ ವಾಲಿ ಬ್ರೇಕ್ ಶೂ ಅಗಲ ಮಾಡ್ತೈತಿ. ಎಷ್ಟ ಕರೆಂಟೋ ಅಷ್ಟ ಬ್ರೇಕ್. ನೀ ಪೆಡಲ್ ಒತ್ತಿದ್ರ ಗಾಡಿ ಎಷ್ಟ ಜೋರ ನಿಲ್ಲಾಕತ್ತೈತಿ ಅಂತ ಡಬ್ಬಿ ಒಳಗಿನ ಸೆನ್ಸರ್ ನೋಡಿ ಅಷ್ಟ ಕರೆಂಟ್ ಹಿಂದ ಕಳಸ್ತೈತಿ, ಇದು ಪ್ರೊಪೋರ್ಷನಲ್. ಅಗ್ಗದ ಮಾಲಿನ್ಯಾಗ ಸೆನ್ಸರ್ ಇರೂದಿಲ್ಲ, ಪೆಡಲ್ ಮುಟ್ಟಿದ ಕೂಡ್ಲೆ ಟೈಮರ್ ಲೆಕ್ಕದಾಗ ಏರಸ್ಕೊಂತ ಹೋಗ್ತೈತಿ, ನೀ ಮೆತ್ತಗ ಒತ್ತಿದ್ರೂ ಅಷ್ಟ, ಜೋರ ಒತ್ತಿದ್ರೂ ಅಷ್ಟ. ನಿಂದು ಯಾವುದು ಅಂತ ಪುಸ್ತಕದಾಗ ನೋಡು. ಟೈಮರಿಂದ ಆಗಿದ್ರ ಘಾಟಿಗೆ ನಾ ಅದನ್ನ ಹಾಕೂದಿಲ್ಲ.

ಕರೆ ವೈರು ನೇರ ಬ್ಯಾಟರಿ ಪ್ಲಸ್ಸಿಗೆ, ಬ್ಯಾಟರಿ ಬಾಜೂಕ ಒಂದು ಸರ್ಕ್ಯೂಟ್ ಬ್ರೇಕರ್ ಹಾಕಿ. ಎರಡು ಗಾಲಿ ಬ್ರೇಕಿಗೆ 20 ಆಂಪಿಯರಿಂದು ನಡೀತೈತಿ, ಪುಸ್ತಕದಾಗ ಬ್ಯಾರೆ ಬರ್ದಿದ್ರ ಅದ ಖರೆ. ಫ್ಯೂಸ್ ಬ್ಯಾಡ, ತಾನ ಮತ್ತ ಕೂಡೂ ಆಟೋ ರಿಸೆಟ್ ಬ್ರೇಕರ್ ಹಾಕು, ಯಾಕಂದ್ರ ಫ್ಯೂಸ್ ಹೋತಂದ್ರ ಬ್ರೇಕೂ ಹೋತು, ಇಳಕಲಿನ್ಯಾಗ ಇಳದು ಫ್ಯೂಸ್ ಬದಲಸ್ತೀಯೇನು. ಬಿಳಿ ವೈರೂ ನೇರ ಬ್ಯಾಟರಿ ಮೈನಸ್ಸಿಗೆ. ಬಾಡಿ ಸ್ಕ್ರೂ ಬ್ಯಾಡ, ಪೇಂಟು ತುಕ್ಕು ಎಲ್ಲಾ ಇರ್ತೈತಿ, ಅರ್ಥ್ ಸಡ್ಲಾದ್ರ ಬ್ರೇಕ್ ಒಮ್ಮೆ ಹಿಡಿತೈತಿ ಒಮ್ಮೆ ಬಿಡ್ತೈತಿ, ಫಾಲ್ಟ್ ಹುಡುಕೋದರಾಗ ದಿನಾ ಹೋಗ್ತಾವ. ಕೆಂಪಂದು ಬ್ರೇಕ್ ಪೆಡಲ್ ಮ್ಯಾಲಿನ ಸ್ಟಾಪ್ ಲೈಟ್ ಸ್ವಿಚ್ಚಿಗೆ, ಪೆಡಲ್ ಒತ್ತಿದಾಗ ಅಷ್ಟ 12 ವೋಲ್ಟ್ ಬರೂ ವೈರಿಗೆ. ಆ ಸ್ವಿಚ್ಚಿಗೆ ನಾಲ್ಕ ವೈರು ಇದ್ರೂ ಇರಬಹುದು, ಒಂದರಾಗ ಯಾವಾಗೂ ಕರೆಂಟ್, ಒಂದ್ರಾಗ ಒತ್ತಿದಾಗ ಬರ್ತೈತಿ, ಉಳದದ್ದು ಇಂಜಿನ್ ಕಂಪ್ಯೂಟರಿಂದು. ಮೀಟರ್ ಹಿಡದ ನೋಡು, ಬಲ್ಬಿನ ಟೆಸ್ಟರ್ ಹಚ್ಚಬ್ಯಾಡ. ಹಳದಿ ಕನೆಕ್ಟರ್ ಕಂಡ್ರ ಅದು ಏರ್‌ಬ್ಯಾಗಿಂದು, ಅದರ ತಂಟೆಗೆ ಹೋಗಬ್ಯಾಡ. ನೀಲಿದು ಹಿಂದ ಟ್ರೇಲರ್ ಬ್ರೇಕಿಗೆ ಹೋಗೂದು.

ಇನ್ನ ದಪ್ಪ. ಇಲ್ಲೇ ಎಲ್ಲಾರೂ ತಪ್ಪೂದು. 10 ಇಂಚಿಂದು ಒಂದ ಮ್ಯಾಗ್ನೆಟ್ಟು ಸುಮಾರು 3 ಆಂಪಿಯರ್ ತಗೋತೈತಿ, ಎರಡಕ್ಕ 6 ಹಿಡಿ. ಬ್ಯಾಟರಿಯಿಂದ ಕ್ಯಾಬಿನ್, ಅಲ್ಲಿಂದ ಹಿಂದಿನ ಸಾಕೆಟ್, ಅಲ್ಲಿಂದ ಆಕ್ಸಲ್, ಮತ್ತ ಅರ್ಥ್ ವಾಪಸ್ ಬರೂದು ಎಲ್ಲಾ ಕೂಡ್ಸಿದ್ರ 25 ಮೀಟರ್ ಆಕ್ಕೈತಿ. 1.5 ಸ್ಕ್ವೇರ್ ಎಂಎಂ ತಾಮ್ರದ ವೈರು ಮೀಟರಿಗೆ ಹನ್ನೊಂದೂವರಿ ಮಿಲಿಓಮ್ ಹತ್ರ, ಅಂದ್ರ ಹಾದ್ಯಾಗ 1.7 ವೋಲ್ಟ್ ತಿಂದು ಹಾಕ್ತೈತಿ. ಅದ 4 ಸ್ಕ್ವೇರ್ ಹಾಕಿದ್ರ 0.65 ಅಷ್ಟ ಹೋಗೂದು. ಅದಕ್ಕ 4 ಕ್ಕಿಂತ ಕಡಿಮಿ ಮುಟ್ಟಬ್ಯಾಡ, 6 ಸಿಕ್ರ ಇನ್ನೂ ಚಲೋ. ಮನಿ ವೈರಿಂಗ್‌ದು ಬ್ಯಾಡ, ಡೀಸೆಲ್ ಬಿದ್ರ ಅದರ ಮ್ಯಾಲಿನ ಪ್ಲಾಸ್ಟಿಕ್ ಕೆಡ್ತೈತಿ, ಗಾಡಿ ವೈರ ತಗೊ, ವೈರಿನ ತುದಿಗೆ ಲಗ್ಗು ಪಂಚ್ ಮಾಡಿ, ಕಾಸಿದ್ರ ಬಿಗಿ ಆಗೂ ಹೀಟ್ ಶ್ರಿಂಕ್ ಕೊಳವಿ ಹಾಕು. ತಿರುವಿ ಟೇಪ್ ಸುತ್ತೂ ಧಂದೆ ಮಾಡಬ್ಯಾಡ. ಎಲ್ಲಾ ಮುಗದ ಮ್ಯಾಲ ಕಡೀಕ ಬ್ಯಾಟರಿ ಕನೆಕ್ಷನ್ ಕೊಡು. ಕರೆ ನೀಲಿ ಅದಲು ಬದಲು ಆದ್ರ ಡಬ್ಬಿ ಸುಟ್ಟಂಗ.

ಡಬ್ಬಿ ಸ್ಟೀರಿಂಗ್ ಕೆಳಗ ಎಡಗಡೆ, ಗೇರ್ ಹಾಕೂ ಕೈ ಸಿಗೂ ಹಂತ್ಯಾಕ, ಮೊಣಕಾಲಿಗೆ ಬಡಿಯದಂಗ. ಅದಕ್ಕ ಒಂದು ಲಿವರ್ ಅಥವಾ ಬಟನ್ ಇರ್ತೈತಿ, ಪೆಡಲ್ ಮುಟ್ಟದ ಟ್ರೇಲರ್ ಬ್ರೇಕ್ ಅಷ್ಟ ಹಿಡ್ಯಾಕ. ನೋಡದ ಕೈಗೆ ಸಿಗಬೇಕು ಅದು.


ರಾಣೆಬೆನ್ನೂರ_ಟ್ರಾಲಿ:

ವೈರಿಂಗ್ ಅಣ್ಣ ಹೇಳಿದ್ದು ಬರೋಬರಿ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಮಾತು ಬ್ಯಾರೆ. ನಾವು ಟ್ರ್ಯಾಕ್ಟರ್ ಟ್ರೇಲರ್ ಕಟ್ಟಾಂವ್ರು, ಸಣ್ಣ ಟ್ರೇಲರೂ ಮಾಡ್ತೀವಿ. ಇಷ್ಟೆಲ್ಲಾ ಕರೆಂಟಿನ ತ್ರಾಸ ಯಾಕ್ರೀಪಾ, ಓವರ್‌ರನ್ ಬ್ರೇಕ್ ಹಾಕಿದ್ರ ಗಾಡಿಗೆ ಒಂದ ವೈರೂ ಮುಟ್ಟೂದು ಬ್ಯಾಡ. ಮುಂದಿನ ಗಾಡಿ ಬ್ರೇಕ್ ಹಾಕಿದ ಕೂಡ್ಲೆ ಹಿಂದಿನ ಟ್ರೇಲರ್ ದಬ್ಬತೈತಿ, ಆ ದಬ್ಬೂದಕ್ಕ ಹುಕ್ಕಿನ ರಾಡು ಹಿಂದ ಸರದು ಕೇಬಲ್ ಎಳದು ಬ್ರೇಕ್ ಹಿಡಸ್ತೈತಿ. ಯಾರ ಗಾಡಿಗೆ ಹಚ್ಚಿದ್ರೂ ನಡೀತೈತಿ. ನಾಳೆ ನಿನ್ನ ಪಿಕಪ್ಪು ಗ್ಯಾರೇಜಿನ್ಯಾಗ ನಿಂತ್ರ ಮಂದಿ ಗಾಡಿ ತಂದ್ರೂ ಟ್ರೇಲರ್ ಹೊಂಡತೈತಿ, ಕರೆಂಟ್ ಬ್ರೇಕ್ ಆದ್ರ ಆ ಗಾಡಿಗೂ ಡಬ್ಬಿ ಬೇಕು. ವಿಚಾರ ಮಾಡು.


ಪರ್ತ್_ಧಾರವಾಡ:

ನಮಸ್ಕಾರ. ನಾ ಮೂಲತಃ ಧಾರವಾಡ ಮಾಳಮಡ್ಡಿಯಾಂವ, ಈಗ ಆಸ್ಟ್ರೇಲಿಯಾ ಪರ್ತ್ ಒಳಗ ಇರ್ತೀನಿ. ಇಲ್ಲೆ ಮನಿಗೊಂದು ಟ್ರೇಲರ್ ಇರ್ತದ, ಈ ಕಂಟ್ರೋಲರ್ ಅಂದ್ರ ಇಲ್ಲೆ ಕಾರಿಗೆ ಮ್ಯಾಟ್ ಹಾಕಿಸಿದಷ್ಟ ಸಾಮಾನ್ಯ. ಹಿಂಗಾಗಿ ಒಂದೆರಡು ಮಾತು.

ಮೊದಲ ಆ ನೀಲಿ ವೈರಿನ ವಿಷಯ, ದಯಮಾಡಿ ನೀಲಿಗೆ ನೀಲಿ ಅಂತ ಜೋಡಸಬ್ಯಾಡ್ರಿ! ಪಿನ್ ಲೆಕ್ಕ ದೇಶಕ್ಕೊಂದು ಇರ್ತದ. ಯುರೋಪಿನ 7 ಪಿನ್ ಪದ್ಧತಿ ಒಳಗ 2ನೇ ಪಿನ್ ನೀಲಿ, ಅದು ಹಿಂದಿನ ಫಾಗ್ ಲೈಟಿಗೆ, ಬ್ರೇಕ್ ಕರೆಂಟಿಗೆ ಅದರಾಗ ಪಿನ್ನೇ ಇಲ್ಲ. ನಮ್ಮ ಆಸ್ಟ್ರೇಲಿಯಾ ಪದ್ಧತಿಯೊಳಗ 5ನೇ ಪಿನ್ ನೀಲಿ, ಅದು ಎಲೆಕ್ಟ್ರಿಕ್ ಬ್ರೇಕಿಗೆ. ಆದ್ರ ಅದೇ 5ನೇ ಪಿನ್ ಯುರೋಪಿನದಾಗ ಬಲಗಡೆ ಟೇಲ್ ಲೈಟ್. ಅಂದ್ರ ಸಾಕೆಟ್ ಒಂದು ಪದ್ಧತಿ, ಟ್ರೇಲರ್ ಪ್ಲಗ್ ಇನ್ನೊಂದು ಪದ್ಧತಿ ಆದ್ರ ರಾತ್ರಿ ಲೈಟ್ ಹಾಕಿದ ಕೂಡಲೆ ಟ್ರೇಲರ್ ಬ್ರೇಕ್ ಹಿಡೀತದ, ನೀವು ಗಾಡಿ ಎಳೀವಲ್ದು ಅಂತ ಎಕ್ಸಲೇಟರ್ ಒತ್ತಕೋತ ಹೋಗ್ತೀರಿ, ಡ್ರಮ್ ಕಾಯ್ದು ಕೆಂಪಗಾಗ್ತದ. ಅಮೇರಿಕಾದ್ದು ಮತ್ತೂ ಬ್ಯಾರೆ, ಅಲ್ಲೆ ಬಹಳ ಟ್ರೇಲರಿನಾಗ ಇಂಡಿಕೇಟರ್ ಮತ್ತ ಸ್ಟಾಪ್ ಲೈಟ್ ಎರಡೂ ಒಂದೇ ವೈರಿನೊಳಗ ಬರ್ತಾವ, ನಮ್ಮ ಗಾಡಿಗೋಳಿಗೆ ಅದು ನೇರ ಹೊಂದೂದಿಲ್ಲ. ಬಣ್ಣ ಮರತು ಬಿಡ್ರಿ, ಒಂದೊಂದು ಪಿನ್ನಿಗೂ ಮೀಟರ್ ಹಚ್ಚಿ ಯಾವುದು ಏನು ಅಂತ ಹಾಳಿ ಮ್ಯಾಲ ಬರಕೋರಿ. ಲೈಟಿನ ಸಾಕೆಟ್ ಇದ್ದಂಗ ಬಿಟ್ಟು ಬ್ರೇಕಿಗೆ ನೀಲಿ ಮತ್ತ ಅರ್ಥ್ ಇಷ್ಟಕ್ಕ ಎರಡು ಪಿನ್ನಿನ ದಪ್ಪ ಕನೆಕ್ಟರ್ ಬ್ಯಾರೇನ ಹಾಕಿಸಿದ್ರ ಈ ಗೊಂದಲನೇ ಇರೂದಿಲ್ಲ, ನಾನಾದ್ರ ಹಂಗ ಮಾಡ್ತೀನಿ.

ಎರಡನೇದು ಬ್ರೇಕ್‌ಅವೇ ಸ್ವಿಚ್. ಯಾರೂ ಇದರ ಸುದ್ದಿ ತಗೀಲಿಲ್ಲ. ಹುಕ್ ಕಳಚಿ ಟ್ರೇಲರ್ ಬ್ಯಾರೆ ಆದ್ರ ಪ್ಲಗ್ಗೂ ಕಿತ್ತು ಬರ್ತದ, ಆಗ ಕಂಟ್ರೋಲರ್ ಇದ್ದೂ ಇಲ್ಲದಂಗ. ಅದಕ್ಕ ಟ್ರೇಲರ್ ಮ್ಯಾಲೇ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ, ಒಂದು ಪಿನ್ ಸ್ವಿಚ್, ಪಿನ್ನಿಗೆ ಉಕ್ಕಿನ ತಂತಿ, ಆ ತಂತಿ ಪಿಕಪ್ಪಿಗೆ. ಟ್ರೇಲರ್ ಕಳಚಿದ್ರ ಪಿನ್ ಕಿತ್ತು ಬ್ರೇಕ್ ಪೂರಾ ಹಿಡೀತಾವ. ಇಲ್ಲೆ 2 ಟನ್ ಮ್ಯಾಲಿನ ಟ್ರೇಲರಿಗೆ ಇದು ಕಡ್ಡಾಯ, ಕಳಚಿದ ಮ್ಯಾಲ ಕನಿಷ್ಠ 15 ನಿಮಿಷ ಹಿಡದು ನಿಲ್ಲಿಸಬೇಕು ಅಂತ ನಿಯಮ ಅದ. ನಿಮ್ಮದು ಅದಕ್ಕಿಂತ ಕಡಿಮಿ ತೂಕ ಇದ್ರೂ ಹಾಕಸ್ರಿ, ಜನರೇಟರ್ ಅಂತೂ ಮ್ಯಾಲ ಇದ್ದೇ ಅದ, ಬ್ಯಾಟರಿ ಚಾರ್ಜ್ ಮಾಡೂದು ದೊಡ್ಡ ಮಾತಲ್ಲ. ತಂತಿ ಪಿಕಪ್ಪಿನ ಚಾಸಿಗೆ ಸಿಗಸ್ರಿ, ಟೋಬಾಲಿಗೆ (ಹುಕ್ ಕೂಡೂ ಗುಂಡಿಗೆ) ಅಥವಾ ಸೇಫ್ಟಿ ಚೈನಿಗೆ ಅಲ್ಲ, ಟೋಬಾಲೇ ಕಿತ್ತು ಬಂದ್ರ ಪಿನ್ ಎಳಿಯವರು ಯಾರು? ಟೆಸ್ಟ್ ಮಾಡುವಾಗ ಪ್ಲಗ್ ಬಿಚ್ಚಿ ಆಮ್ಯಾಲ ಪಿನ್ ಎಳೀರಿ, ಇಲ್ಲಾಂದ್ರ ಆ ಬ್ಯಾಟರಿ ಕರೆಂಟ್ ಉಲ್ಟಾ ಹೋಗಿ ಕಂಟ್ರೋಲರ್ ಕೆಡಬಹುದು. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಬದ್ಲಿ ಇದನ್ನ ಬಳಸಬ್ಯಾಡ್ರಿ, ಬ್ಯಾಟರಿ ಖಾಲಿ ಆತು ಅಂದ್ರ ಟ್ರೇಲರ್ ಉಳ್ಳಾಡಿಕೋತ ಹೊಂಟು ಬಿಡ್ತದ.

@ರಾಣೆಬೆನ್ನೂರ_ಟ್ರಾಲಿ ಅವರಿಗೆ, ಓವರ್‌ರನ್ ಕೆಟ್ಟದ್ದು ಅಂತ ನಾ ಅನ್ನೂದಿಲ್ರಿ, ಯುರೋಪಿನಾಗ ಮೂರೂವರಿ ಟನ್ನಿನವರೆಗೂ ಅದೇ ನಡೀತದ. ಸಪಾಟ ರಸ್ತೆಗೆ ಅಡ್ಡಿ ಇಲ್ಲ. ಆದ್ರ ಇವರು ಅರಬೈಲ್ ಅಂದಾರ. ಉದ್ದ ಇಳಕಲಿನಾಗ ಟ್ರೇಲರ್ ಮುಂದಿನ ಗಾಡಿನ್ನ ದಬ್ಬತನೇ ಇರ್ತದ, ಅಂದ್ರ ಓವರ್‌ರನ್ ಬ್ರೇಕ್ ಮ್ಯಾಲಿಂದ ಕೆಳಗಿನ ತನಕ ಹಿಡದೇ ಇರ್ತದ, ಕಾಯ್ತದ, ಕಡೀಕೆ ಹಿಡಿಯೂದೇ ಇಲ್ಲ. ಮತ್ತ ಟ್ರೇಲರ್ ಬಾಲ ಆಡಿಸ್ಲಿಕ್ಕೆ ಹತ್ತಿದ್ರ ಪೆಡಲ್ ಬಿಟ್ಟು ಹಿಂದಿನ ಬ್ರೇಕ್ ಅಷ್ಟೇ ಹಿಡದು ನೆಟ್ಟಗ ಮಾಡೂ ಉಪಾಯ ಓವರ್‌ರನ್ನಿನಾಗ ಇಲ್ಲ. ಆ ಲಿವರ್ ಇರೂದೇ ಅದಕ್ಕ.


ರಾಣೆಬೆನ್ನೂರ_ಟ್ರಾಲಿ:

ಘಾಟಿನ ಮಾತು ಒಪ್ಪಿದೆ ಬಿಡ್ರಿ. ನಮ್ಮ ಗಿರಾಕಿಗೋಳು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿಗೆ ಹೋಗಿ ಬರಾಂವ್ರು, ಅಲ್ಲಿ ಘಾಟ್ ಎಲ್ಲಿಂದ ಬರಬೇಕು.

ಆದ್ರ ಬಾಲ ಆಡ್ಸಿದ್ರ ಅಂದ್ರಲ್ಲ, ಅದನ್ನ ಬ್ರೇಕಿಲೆ ಸರಿ ಮಾಡೂದಕ್ಕಿಂತ ಟ್ರೇಲರ್ ಕಟ್ಟೂವಾಗ ಸರಿ ಮಾಡ್ರಿ. ತಮ್ಮಾ, ಗಾಣ ಎಲ್ಲಿ ಕೂಡ್ಸೀದಿ? ಆಕ್ಸಲ್ಲಿನ ಸ್ವಲ್ಪ ಮುಂದ ಇರಬೇಕು. ಒಟ್ಟು ತೂಕದಾಗ ನೂರಕ್ಕ ಹತ್ತರಷ್ಟರ ಹುಕ್ಕಿನ ಮ್ಯಾಲ ಬೀಳಬೇಕು, ಅಂದ್ರ ನಿಂದು 1600 ಆದ್ರ 160 ಕೆಜಿ. ಅಷ್ಟ ತೂಕ ಟೋಬಾರ್ ತಡಿತೈತೋ ಇಲ್ಲೋ, ಗಾಡಿ ಎಷ್ಟ ಎಳೀಬಹುದು ಅಂತ ಗಾಡಿ ಪುಸ್ತಕದಾಗೂ ಟೋಬಾರ್ ಪ್ಲೇಟಿನ ಮ್ಯಾಲೂ ನೋಡ್ಕೊ. ಜನರೇಟರ್ ಸದ್ದು ಮಾಡ್ತೈತಿ ಅಂತ ಎಲ್ಲಾರೂ ಅದನ್ನ ಕಟ್ಟಕಡೀಕ ಇಡ್ತಾರ, ಅದರ ಮ್ಯಾಲ ವಾಪಸ್ ಬರೂವಾಗ ಹಿಂಡಿ ಚೀಲಾನೂ ಹಿಂದ ಒಗಿತಾರ. ಹುಕ್ಕು ಹಗರಾತು, ಗಾಡಿ 70 ದಾಟಿದ ಕೂಡ್ಲೆ ಹಿಂದಿಂದು ಕುಣ್ಯಾಕ ಶುರು ಆಕ್ಕೈತಿ. ಹಿಂಡಿ ಚೀಲ ಮುಂದ ಹಾಕು.


ಹಾವೇರಿ_ಕಾಕಾ:

ಬ್ರೇಕಿನ ಸುದ್ದಿ ನಂಗ ತಿಳಿಯಂಗಿಲ್ಲ. ಕಾಗದದ ಸುದ್ದಿ ಹೇಳ್ತೀನಿ. 1988ರ ಮೋಟಾರ್ ವಾಹನ ಕಾಯ್ದೆ ಪ್ರಕಾರ ಟ್ರೇಲರೂ ಒಂದು ವಾಹನನ, ಅದಕ್ಕ ಬ್ಯಾರೆ ರಿಜಿಸ್ಟ್ರೇಷನ್, ಬ್ಯಾರೆ ನಂಬರ್. ಪಿಕಪ್ಪಿನ ನಂಬರ್ ಟ್ರೇಲರ್ ಹಿಂದ ಬರಕೊಂಡ್ರ ಆಗಂಗಿಲ್ಲ. ವೆಲ್ಡಿಂಗ್ ಅಂಗಡ್ಯಾಗ ಕಟ್ಟಿಸಿ ಆಮ್ಯಾಲ ನಂಬರ್ ಕೊಡ್ರಿ ಅಂತ ಹೋದ್ರ ಓಡಾಡ್ಸಿ ಓಡಾಡ್ಸಿ ಚಪ್ಪಲಿ ಹರಿತಾವ. ಚಾಸಿ ಕೆಲ್ಸ ಮುಗ್ಸೂಕಿನ್ನ ಮೊದ್ಲ ಗದಗ ಆರ್‌ಟಿಒ ಆಫೀಸಿಗೆ ಹೋಗಿ ಬ್ರೇಕ್ ಇನ್‌ಸ್ಪೆಕ್ಟರಿಗೆ ಡ್ರಾಯಿಂಗ್ ತೋರ್ಸಿ ಏನೇನ್ ಬೇಕು ಕೇಳ್ಕೊಂಡ ಬಾರಪಾ. ಇನ್ಶೂರೆನ್ಸಿಗೂ ಹಂಗ, ಟ್ರೇಲರ್ ಐತಿ ಅಂತ ಪಾಲಿಸಿಯೊಳಗ ಬರಸು.


ಬೆಟಗೇರಿ_ಗಾಣ:

ಎಲ್ಲಾರ್ಗೂ ಥ್ಯಾಂಕ್ಸ್ ರೀ, ಇಷ್ಟ ಸಿಗತೈತಿ ಅಂತ ಅನ್ಕೊಂಡಿರಲಿಲ್ಲ. ಕಾಕಾ, ಆರ್‌ಟಿಒಕ್ಕ ಅಪ್ಪಾರು ಹೋಗಿ ಮಾತಾಡಿ ಬಂದಾರ, ಡ್ರಾಯಿಂಗ್ ಕೇಳ್ಯಾರ, ಅದು ನಡದೈತಿ.

ವೈರಿಂಗ್ ಬ್ಯಾರೆಯವ್ರ ಕಡೆ ಮಾಡ್ಸೀವಿ. 6 ಸ್ಕ್ವೇರ್, ಬ್ರೇಕರ್, ಬಿಳಿದು ಬ್ಯಾಟರಿಗೆ, ಬ್ರೇಕಿಗೆ ಎರಡು ಪಿನ್ನಿನ ಬ್ಯಾರೆ ಕನೆಕ್ಟರ್, ಎಲ್ಲಾ ನೀವು ಹೇಳಿದಂಗ. ಡಬ್ಬಿ ಪ್ರೊಪೋರ್ಷನಲ್ ಅಂತ ಪುಸ್ತಕದಾಗ ಐತಿ. ಟ್ರೇಲರ್ ಸಿಗ್ಸಿದ್ರ ಡಬ್ಬಿ ಲೈಟ್ ಹಸರ ಬರ್ತೈತಿ, ಲಿವರ್ ಒತ್ತಿದ್ರ ಸಾಕೆಟ್ಟಿನ್ಯಾಗ ವೋಲ್ಟೂ ಬರಾಕತ್ತೈತಿ. ಆದ್ರ ಮೈದಾನದಾಗ ಓಡ್ಸಿ ಲಿವರ್ ಪೂರಾ ಒತ್ತಿದ್ರ ಗಾಡಿ ನಿಲ್ಲೂದಿಲ್ಲ, ಸ್ವಲ್ಪ ಎಡಕ್ಕ ಎಳದಂಗ ಆಗಿ ಸುಮ್ನ ಆಕ್ಕೈತಿ. ಮೆಕ್ಯಾನಿಕ್ ಕಂಟ್ರೋಲರ್ ಹೋಗೇತಿ ಹೊಸಾದು ತರಸ್ರಿ ಅನ್ನಾಕತ್ತಾನ. ಏನ್ ಮಾಡೂದು?


ಗಬ್ಬೂರ_ಆಟೋವೈರಿಂಗ್:

ತರ್ಸಬ್ಯಾಡ, ಎರಡು ನಿಮಿಷ ತಡಿ. ಪ್ಲಗ್ ಬಿಚ್ಚು. ಟ್ರೇಲರ್ ಕಡೆ ಪ್ಲಗ್ಗಿನ್ಯಾಗ ನೀಲಿಗೂ ಅರ್ಥಿಗೂ ನಡುವ ಮೀಟರ್ ಓಮ್ಸಿಗೆ ಇಟ್ಟು ನೋಡಿ ಇಲ್ಲಿ ಹಾಕು. ಮೊದ್ಲ ಮೀಟರಿನ ಎರಡೂ ಮೊಳಿ ಒಂದಕ್ಕೊಂದು ಹಚ್ಚಿ ಎಷ್ಟ ತೋರಸ್ತೈತಿ ಅಂತ ನೋಡು, ಅಗ್ಗದ ಮೀಟರಿನ ವೈರ 0.2-0.3 ತಾನ ತೋರಸ್ತೈತಿ, ಅಷ್ಟ ಕಳಿ.


ಬೆಟಗೇರಿ_ಗಾಣ:

ಕಳದ ಮ್ಯಾಲ 3.3 ಬಂತ್ರಿ ಅಣ್ಣಾ.


ಗಬ್ಬೂರ_ಆಟೋವೈರಿಂಗ್:

ಸಿಕ್ತು ನೋಡು. ಒಂದ ಮ್ಯಾಗ್ನೆಟ್ಟು 3 ಓಮ್ ಚಿಲ್ರೆ ಇರ್ತೈತಿ, ಎರಡೂ ಪ್ಯಾರಲಲ್ ಇದ್ರ ಅರ್ಧಾ ಆಗಿ 1.6-1.7 ಬರಬೇಕಾಗಿತ್ತು. ನಿಂಗ 3.3 ಬಂತಂದ್ರ ಒಂದ ಗಾಲಿ ಅಷ್ಟ ಲೈನಿನ್ಯಾಗ ಐತಿ, ಎಡಕ್ಕ ಎಳಿತೈತಿ ಅಂದ್ರ ಬಲಗಡೆದು ಸತ್ತೈತಿ. ಡಬ್ಬಿ ಪಾಪ ತನ್ನ ಕೆಲ್ಸ ಮಾಡಾಕತ್ತೈತಿ, ಒಂದ ಮ್ಯಾಗ್ನೆಟ್ಟು ಕಂಡ್ರೂ ಅದು ಹಸರ ಲೈಟ ತೋರ್ಸೂದು. ಬಲಗಡೆ ಬ್ಯಾಕ್ ಪ್ಲೇಟ್ ಹಿಂದ ಎರಡು ವೈರ ಹೊರಗ ಬಂದಿರ್ತಾವ, ಅಲ್ಲಿ ಜಾಯಿಂಟ್ ನೋಡು. ಮ್ಯಾಗ್ನೆಟ್ಟಿನ ಎರಡು ವೈರಿಗೆ ಪ್ಲಸ್ ಮೈನಸ್ ಭೇದ ಇಲ್ಲ, ಯಾವುದು ಯಾವುದಕ್ಕ ಹಚ್ಚಿದ್ರೂ ನಡೀತೈತಿ, ಹಂಗಾಗಿ ಉಲ್ಟಾ ಹಚ್ಚ್ಯಾರ ಅನ್ನೂ ಸಂಶಯ ಬ್ಯಾಡ. ಒಂದೋ ಜಾಯಿಂಟ್ ಬಿಟ್ಟೈತಿ, ಇಲ್ಲಾ ಮ್ಯಾಗ್ನೆಟ್ಟಿನ ಒಳಗ ಕಡದೈತಿ. ಮೀಟರ್ ಇಲ್ಲದಾಂವ್ಗ ಇನ್ನೊಂದು ಹಿಕಮತ್ತು, ಒಬ್ರು ಲಿವರ್ ಒತ್ತಬೇಕು ಇನ್ನೊಬ್ರು ಡ್ರಮ್ಮಿನ ಹತ್ರ ಸಣ್ಣ ದಿಕ್ಸೂಚಿ ಹಿಡೀಬೇಕು, ಮುಳ್ಳು ಹೊಳ್ಳಿದ್ರ ಮ್ಯಾಗ್ನೆಟ್ಟು ಜೀವಂತ ಐತಿ.

ಆ ಮೆಕ್ಯಾನಿಕ್ಕಿಗೆ ಹೊಸಾ ಕಂಟ್ರೋಲರ್ ತರಸೂದು ಸಲೀಸು, ರೊಕ್ಕ ನಿಂದಲ್ಲ.


ರಾಣೆಬೆನ್ನೂರ_ಟ್ರಾಲಿ:

ಡ್ರಮ್ ಬಿಚ್ಚಿದ್ರ ಇನ್ನೊಂದು ನೋಡು. ಈ ಬ್ರೇಕಿನ್ಯಾಗ ಎಡಗಡೆ ಬಲಗಡೆ ಬ್ಯಾರೆ ಬ್ಯಾರೆ ಇರ್ತಾವ. ಎರಡು ಶೂದಾಗ ಸಣ್ಣ ಲೈನರ್ ಇರೂದು ಗಾಡಿ ಮುಂದಿನ ಕಡೆ ಬರಬೇಕು. ಉಲ್ಟಾ ಕೂಡ್ಸಿದ್ರ ಕರೆಂಟ್ ಬರೋಬರಿ ಇದ್ರೂ ಬ್ರೇಕ್ ಅರ್ಧಮರ್ಧ ಹಿಡಿತೈತಿ. ಮತ್ತ ಮ್ಯಾಗ್ನೆಟ್ಟಿಗಾಗಲಿ ಲೈನರಿಗಾಗಲಿ ಗ್ರೀಸ್ ತಾಗಿತ್ತಂದ್ರ ಒರಸಿ ಹಾಕಬ್ಯಾಡ, ಲೈನರ್ ಬದಲಸು. ಹಾಕಿದ ಮ್ಯಾಲ ಬ್ಯಾಕ್ ಪ್ಲೇಟಿನ ಕಿಂಡಿ ಒಳಗ ಸ್ಕ್ರೂಡ್ರೈವರ್ ಹಾಕಿ ಹಲ್ಲಿನ ಚಕ್ರ ತಿರುವಿ ಗಾಲಿ ಪೂರಾ ಬಿಗಿ ಆಗೂತನ ಮಾಡಿ, ಆಮ್ಯಾಲ ಸಣ್ಣಗ ಉಜ್ಜಿದ ಸಪ್ಪಳ ಬರೂವಷ್ಟ ಸಡ್ಲ ಬಿಡು.


ಬೆಟಗೇರಿ_ಗಾಣ:

ಜಾಯಿಂಟ್ ಬಿಟ್ಟಿತ್ರಿ! ಹೊರಗಿಂದ ಟೇಪ್ ಬಿಗಿಯಾಗಿತ್ತು, ಬಿಚ್ಚಿದ್ರ ಒಳಗ ತಾಮ್ರದ ಎರಡೆಳಿ ಅಷ್ಟ ಹಿಡ್ಕೊಂಡಿದ್ದು, ಮುಟ್ಟಿದ ಕೂಡ್ಲೆ ಕೈಗೆ ಬಂದು. ಲಗ್ಗು ಹಾಕಿ ಪಂಚ್ ಮಾಡೀವಿ, ಈಗ 1.7 ಓಮ್ ಬರ್ತೈತಿ. ಶೂ ಬರೋಬರಿ ಅದಾವು. ಡಬ್ಬಿ ಮ್ಯಾಲ ಗೇನ್ ಅಂತ ತಿರಗಣಿ ಐತಲ್ಲ, ಅದನ್ನ ಎಷ್ಟಕ್ಕ ಇಡಬೇಕು? ಪುಸ್ತಕದಾಗ ಇದ್ದದ್ದು ತಿಳೀವಲ್ದು.


ಪರ್ತ್_ಧಾರವಾಡ:

ಮೊದಲ ಹೊಸಾ ಶೂ ಪಳಗಬೇಕ್ರಿ, ಅಲ್ಲೀತನ ಸರಿಯಾಗಿ ಹಿಡಿಯೂದಿಲ್ಲ. ಖಾಲಿ ರಸ್ತೆ ನೋಡಿ 60-65 ಸ್ಪೀಡಿಗೆ ಹೋಗ್ರಿ, ಪೆಡಲ್ ಮುಟ್ಟದೇ ಲಿವರ್‌ಲೆ ಹದವಾಗಿ ಹಿಡದು 30ಕ್ಕ ಇಳಸ್ರಿ, ಬಿಡ್ರಿ, ಡ್ರಮ್ ಆರಲಿಕ್ಕೆ ಸ್ವಲ್ಪ ದೂರ ಹೋಗ್ರಿ, ಮತ್ತ ಹಿಡೀರಿ. ಇಪ್ಪತ್ತು ಸರ್ತಿ ಆದ್ರೂ ಮಾಡಬೇಕು, ಐವತ್ತು ಮಾಡಿದ್ರೂ ಹೆಚ್ಚಲ್ಲ.

ಗೇನ್, ಅಂದ್ರ ಹಿಂದಿನ ಬ್ರೇಕಿಗೆ ಎಷ್ಟ ಜೋರ ಕರೆಂಟ್ ಕಳಸಬೇಕು ಅನ್ನೂದು, ಆಮ್ಯಾಲೆ. ಟ್ರೇಲರ್ ಮ್ಯಾಲೆ ದಿನಾ ಹೇರೂ ಲೋಡ್ ಹಾಕ್ರಿ, ಒಣಗಿದ ಸಪಾಟ ಡಾಂಬರ್ ರಸ್ತೆ ಮ್ಯಾಲೆ 40 ಸ್ಪೀಡಿನಾಗ ಲಿವರ್ ಪೂರಾ ಒತ್ರಿ. ಗಾಲಿ ಲಾಕ್ ಆಗಿ ಜಾರಿಕೋತ ಬಂದ್ರ ಗೇನ್ ಹೆಚ್ಚಾತು, ಕಡಿಮಿ ಮಾಡ್ರಿ. ಟ್ರೇಲರ್ ಜೋರ ಹಿಡದು ಎಳೀಬೇಕು, ಗಾಲಿ ಮಾತ್ರ ತಿರಗತಿರಬೇಕು, ಆ ಅಂಚಿಗೆ ನಿಲ್ಲಸ್ರಿ. ನಿಮ್ಮಲ್ಲೆ ಒಂದು ವಿಷಯ ಅದ, ಹೋಗೂವಾಗ ಒಂದು ತೂಕ, ಕಾಳು ಹಿಂಡಿ ತುಂಬಿದ ಮ್ಯಾಲೆ ಬ್ಯಾರೆ ತೂಕ. ಖಾಲಿ ಇದ್ದಾಗ ಅದೇ ಗೇನ್ ಇಟ್ರ ಮಳಿಯೊಳಗ ಲಾಕ್ ಆಗ್ತದ. ಎರಡು ಸಲ ಸೆಟ್ ಮಾಡಿ ತಿರಗಣಿ ಪಕ್ಕಕ್ಕ ಮಾರ್ಕರ್‌ಲೆ ಎರಡು ಗೀಟು ಹಾಕ್ರಿ, ಮುಗೀತು.

ಅರಬೈಲಿಗೆ ಹೋದಾಗ ಈ ಬ್ರೇಕ್ ಅದ ಅಂತ ಟಾಪ್ ಗೇರಿನಾಗ ಇಳೀಬ್ಯಾಡ್ರಿ. ಯಲ್ಲಾಪುರ ದಾಟಿ ಘಾಟ್ ಶುರು ಆಗೂಕಿಂತ ಮೊದಲ ಗೇರ್ ಇಳಸ್ರಿ, ಇಂಜಿನ್ ಹಿಡೀಲಿ, ಬ್ರೇಕ್ ಒಂದು ಸಲ ಸ್ವಲ್ಪ ಜೋರ ಹಿಡದು ಪೂರಾ ಬಿಡ್ರಿ. ಹಿಡಕೊಂಡೇ ಇಳದ್ರ ಎಲೆಕ್ಟ್ರಿಕ್ ಆದ್ರೇನು ಓವರ್‌ರನ್ ಆದ್ರೇನು, ಡ್ರಮ್ ಕಾಯೂದು ಒಂದೇ.


ಗಬ್ಬೂರ_ಆಟೋವೈರಿಂಗ್:

ಮೊದ್ಲನೇ ಸಲ ಲೋಡ್ ಹಾಕಿ ಅಣ್ಣಿಗೇರಿ ತನಕ ಹೋಗಿ ಬಾ, ಇಳದ ಕೂಡ್ಲೆ ಎರಡೂ ಹಬ್ಬಿನ ಹತ್ರ ಅಂಗೈ ಹಿಡದು ನೋಡು, ಮುಟ್ಟಬ್ಯಾಡ. ಎರಡೂ ಕಡೆ ಕಾವು ಒಂದ ಸಮ ಇರಬೇಕು. ಒಂದು ತಣ್ಣಗ ಒಂದು ಸುಡಾಕತ್ರ ಹಲ್ಲಿನ ಚಕ್ರ ಮತ್ತ ನೋಡಬೇಕು. ಎಡಗಡೆ ಜಾಯಿಂಟೂ ಬಲಗಡೆದು ಮಾಡಿದಾಂವನ ಮಾಡಿರ್ತಾನ, ಅದನ್ನೂ ಬಿಚ್ಚಿ ಲಗ್ಗು ಹಾಕು, ಬಿಡಬ್ಯಾಡ.

ಮತ್ತ ಆ ಎರಡು ಪಿನ್ನಿನ ಕನೆಕ್ಟರಿಗೆ ಮುಚ್ಚಳ ಇರೂದ ತಗೊ. ನಿಮ್ಮ ಕಡೆ ಎರಿ ಮಣ್ಣು, ಮಳಿ ಬಂದ್ರ ಗಾಲಿ ಸಿಡಿಸಿದ ಕೆಸರು ಸೀದಾ ಪಿನ್ನಿನೊಳಗ ಹೊಕ್ಕೈತಿ, ಒಣಗಿದ ಮ್ಯಾಲ ತಾಮ್ರ ಹಸರಗಟ್ಟತೈತಿ. ತಿಂಗಳಿಗೊಮ್ಮೆ ಆ ಓಮ್ಸ್ ನೋಡ್ಕೊಂತ ಇರು, 1.7 ಇದ್ದದ್ದು 2 ದಾಟಿತಂದ್ರ ಪಿನ್ ತಿಕ್ಕೂ ಟೈಮ್ ಆತು.